ಶಾಲಿಗಿಂತ ಮೊದಲು ಕುರ್ಚಿ

ಪ್ಯಾಟ್ ಹೆಡ್ ಎಂಬ 22 ವರ್ಷದ ಹುಡುಗಿ 1974ರಲ್ಲಿ ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾಲಯಕ್ಕೆ ಬಂದದ್ದು ಸ್ನಾತಕೋತ್ತರ ಓದಿಗೆಂದು. ಓದಿನ ಜೊತೆಗೆ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಹಾಯಕ ಕೋಚ್ ಆಗಿರುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ಮುಖ್ಯ ಕೋಚ್ ದೀರ್ಘ ರಜೆಯ ಮೇಲೆ ಹೋದರು, ಇಡೀ ತಂಡ ಈ ಹುಡುಗಿಯ ಕೈಗೆ ಬಂತು. ಸಂಬಳ ತಿಂಗಳಿಗೆ 250 ಡಾಲರ್. ಆಟಗಾರ್ತಿಯರ ಸಮವಸ್ತ್ರ ಹಿಂದಿನ ವರ್ಷ ಡೋನಟ್ ಮಾರಿ ಕೂಡಿಸಿದ ದುಡ್ಡಿನಲ್ಲಿ ಕೊಂಡದ್ದು. ಅದನ್ನು ಒಗೆದು ಒಣಗಿಸುವ ಕೆಲಸವೂ ಕೋಚ್‌ನದೇ, ಪರ ಊರಿನ ಪಂದ್ಯಗಳಿಗೆ ವ್ಯಾನ್ ಓಡಿಸುವ ಕೆಲಸವೂ ಕೋಚ್‌ನದೇ. ಒಮ್ಮೆ ಹೋಟೆಲಿಗೆ ಕಾಸಿಲ್ಲದೆ, ಮಾರನೆಯ ದಿನ ಯಾರ ಮೇಲೆ ಆಡಬೇಕೋ ಅವರದೇ ಜಿಮ್ಮಿನ ನೆಲದಲ್ಲಿ ಮ್ಯಾಟ್ ಹಾಸಿಕೊಂಡು ಎಲ್ಲರೂ ರಾತ್ರಿ ಕಳೆದರು. ಆಕೆ ಕೋಚ್ ಆಗಿ ಕೂತ ಮೊದಲ ಪಂದ್ಯದಲ್ಲಿ ತಂಡ ಒಂದೇ ಒಂದು ಅಂಕದಿಂದ ಸೋತಿತು.

ಆ ಹುಡುಗಿಯೇ ಮುಂದೆ ಪ್ಯಾಟ್ ಸಮಿಟ್ ಆದರು. ಒಂದೇ ವಿಶ್ವವಿದ್ಯಾಲಯದಲ್ಲಿ 38 ವರ್ಷ ದುಡಿದು 1,098 ಪಂದ್ಯ ಗೆದ್ದರು, 8 ಬಾರಿ ರಾಷ್ಟ್ರೀಯ ಪ್ರಶಸ್ತಿ ತಂದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮಹಿಳಾ ತಂಡಕ್ಕೆ ಚಿನ್ನ ಬಂದದ್ದು ಅವರ ಕೈಕೆಳಗೆ. ಟೆನೆಸ್ಸೀಯ ಅಂಕಣಕ್ಕೆ ಅವರ ಹೆಸರಿಟ್ಟರು. 2011ರಲ್ಲಿ ಅಲ್ಝೈಮರ್ಸ್ ಇರುವುದು ಗೊತ್ತಾಯಿತು. 2012ರಲ್ಲಿ ನಿವೃತ್ತರಾದರು, ಅದೇ ವರ್ಷ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಶಿಯಲ್ ಮೆಡಲ್ ಆಫ್ ಫ್ರೀಡಂ ಬಂತು. 2016ರಲ್ಲಿ ತೀರಿಕೊಂಡಾಗ ಅವರಿಗೆ 64 ವರ್ಷ.

ಕಾಲೇಜು ಕ್ರೀಡೆಯ ಮಹಿಳಾ ಕೋಚ್‌ಗಳಿಗೆ ಮನ್ನಣೆ ಸಿಗುತ್ತಿಲ್ಲ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಈ ಹೆಸರನ್ನು ಮುಂದೆ ಹಿಡಿಯುತ್ತಾರೆ. ಪದಕ ಕೊಟ್ಟಾಯಿತು, ಅಂಕಣಕ್ಕೆ ಹೆಸರಿಟ್ಟಾಯಿತು, ಪ್ರತಿಮೆ ನಿಲ್ಲಿಸಿಯಾಯಿತು, ಇನ್ನೇನು ಬಾಕಿ? ಬಾಕಿ ಬಹಳವಿದೆ ಎನ್ನುವುದು ನನ್ನ ವಾದ. ಹಾಗನ್ನಿಸಿದ್ದು ಆ ಪದಕವನ್ನು ನೋಡಿ ಅಲ್ಲ, ತಿಂಗಳಿಗೆ 250 ಡಾಲರಿನ ಆ ಕೆಲಸವನ್ನು ನೋಡಿ. ಅನುಭವವೇ ಇಲ್ಲದ 22ರ ಹುಡುಗಿಗೆ ಒಂದು ವಿಶ್ವವಿದ್ಯಾಲಯ ಇಡೀ ತಂಡವನ್ನು ಒಪ್ಪಿಸಿತಲ್ಲ, ಯಾಕೆ? ಆಕೆಯಲ್ಲಿ ಏನೋ ಕಂಡರು ಎಂದು ಹೇಳಿಕೊಳ್ಳುವುದು ಸುಲಭ. ನಿಜವೆಂದರೆ ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ.

ಅಮೆರಿಕದಲ್ಲಿ ಕಾಲೇಜು ಕ್ರೀಡೆ ಎಂದರೆ ನಮ್ಮ ಅಂತರ ಕಾಲೇಜು ಕ್ರೀಡಾಕೂಟದ ಹಾಗೆ ಎರಡು ದಿನ ಶಾಮಿಯಾನ ಹಾಕಿ ಮುಗಿಸುವ ಸಂಗತಿಯಲ್ಲ. ಸಾವಿರಾರು ಜನ ಟಿಕೆಟ್ ಕೊಂಡು ಕೂರುವ ಕ್ರೀಡಾಂಗಣಗಳು, ಟಿ.ವಿ. ಕಂಪನಿಗಳ ಜೊತೆ ವರ್ಷಾನುಗಟ್ಟಲೆಯ ಒಪ್ಪಂದಗಳು. ಹಲವು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಅಲ್ಲಿ ಕೋಚ್‌ಗಿರಿ ದೊಡ್ಡ ಅಧಿಕಾರದ ಹುದ್ದೆ. ಹುಡುಗಿಯರ ಕ್ರೀಡೆ ಮಾತ್ರ ಬಹುಕಾಲ ಈ ಲೆಕ್ಕದ ಹೊರಗಿತ್ತು. ದೈಹಿಕ ಶಿಕ್ಷಣದ ಅಧ್ಯಾಪಕಿಯರು ಪಾಠ ಮುಗಿಸಿ ಸಂಜೆ ಹೊತ್ತು ತಂಡ ಕಟ್ಟುತ್ತಿದ್ದರು. 1971ರಲ್ಲಿ ಆ ಅಧ್ಯಾಪಕಿಯರೇ ಸೇರಿ ಎಐಎಡಬ್ಲ್ಯೂ ಎಂಬ ಸಂಸ್ಥೆ ಮಾಡಿಕೊಂಡು ಹುಡುಗಿಯರಿಗೆ ರಾಷ್ಟ್ರಮಟ್ಟದ ಪಂದ್ಯಾವಳಿ ನಡೆಸತೊಡಗಿದರು. ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಕಾಲೇಜಿನ ತಂಡವನ್ನು 1972ರಿಂದ 74ರವರೆಗೆ ಸತತ ಮೂರು ವರ್ಷ ಗೆಲ್ಲಿಸಿದ ಕ್ಯಾಥಿ ರಶ್ ಅವರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 450 ಡಾಲರ್. ತಿಂಗಳಿಗಲ್ಲ, ವರ್ಷಕ್ಕೆ.

1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಒಂದು ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಅದರಲ್ಲಿದ್ದ ‘ಟೈಟಲ್ ನೈನ್’ ಎಂಬ ಭಾಗದ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ 37 ಪದಗಳದ್ದು. ಸರ್ಕಾರದ ನೆರವು ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಹೆಣ್ಣು-ಗಂಡೆಂಬ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಕ್ರೀಡೆಯ ಹೆಸರೇ ಅದರಲ್ಲಿಲ್ಲ. ಆದರೂ ಅದು ಹುಡುಗಿಯರ ಕ್ರೀಡೆಯ ಹಣೆಬರಹವನ್ನೇ ಬದಲಿಸಿತು. ವಿದ್ಯಾರ್ಥಿವೇತನ ಬಂತು, ಮೈದಾನ ಬಂತು, ಬಸ್ಸು ಬಂತು. ಒಂದು ಕಾಲೇಜಿಗೆ ಸರಾಸರಿ ಎರಡು ಚಿಲ್ಲರೆ ಇದ್ದ ಮಹಿಳಾ ತಂಡಗಳ ಸಂಖ್ಯೆ 2014ರ ಹೊತ್ತಿಗೆ ಎಂಟನ್ನು ದಾಟಿತು.

ಕೋಚ್‌ಗೂ ಸಂಬಳ ಬಂತು. ಸಂಬಳ ಬಂದ ಮೇಲೆ ಏನಾಯಿತು ಎಂಬುದನ್ನು ಲೆಕ್ಕವಿಟ್ಟು ತೋರಿಸಿದವರು ಬ್ರೂಕ್ಲಿನ್ ಕಾಲೇಜಿನ ಇಬ್ಬರು ಅಧ್ಯಾಪಕಿಯರು, ವಿವಿಯನ್ ಅಕೋಸ್ಟಾ ಮತ್ತು ಲಿಂಡಾ ಕಾರ್ಪೆಂಟರ್. 1977ರಲ್ಲಿ ಶುರು ಮಾಡಿ 37 ವರ್ಷ ಬಿಡದೆ ಕಾಲೇಜುಗಳಿಂದ ಮಾಹಿತಿ ಕೂಡಿಸಿದರು. 1972ರಲ್ಲಿ ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಹೆಂಗಸರು. 2014ರಲ್ಲಿ ನೂರಕ್ಕೆ 43.4. ತಂಡಗಳ ಸಂಖ್ಯೆಯೇ ಹೆಚ್ಚಿದ್ದರಿಂದ ಮಹಿಳಾ ಕೋಚ್‌ಗಳ ಒಟ್ಟು ಸಂಖ್ಯೆ ಬೆಳೆದಿದೆ, ಅದನ್ನು ಮುಚ್ಚಿಡಬಾರದು. ಆದರೆ ಕೆಲಸ ಬಿಟ್ಟಿ ಚಾಕರಿಯಾಗಿದ್ದಾಗ ಅದು ಹೆಂಗಸರದು, ಸಂಬಳದ ಹುದ್ದೆಯಾದ ಮೇಲೆ ಅರ್ಧಕ್ಕಿಂತ ಹೆಚ್ಚು ಗಂಡಸರದು. ಮನೆಯ ಒಲೆಯ ಮುಂದೆ ಅಮ್ಮ, ಮದುವೆ ಮನೆಯ ಒಲೆಯ ಮುಂದೆ ಅಡುಗೆ ಭಟ್ಟರು ಎಂಬುದನ್ನು ಸಹಜವೆಂದೇ ಕಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾರೋ ಕೂತು ಸಂಚು ಮಾಡಿದ್ದರಿಂದ ಹೀಗಾಯಿತು ಎಂದು ನನಗನ್ನಿಸುವುದಿಲ್ಲ. ಗಂಡಸರ ಕಾಲೇಜು ಕ್ರೀಡೆಯನ್ನು ನಡೆಸುತ್ತಿದ್ದ ಎನ್‌ಸಿಎಎ ಎಂಬ ಬಲಾಢ್ಯ ಸಂಸ್ಥೆ 1981-82ರಲ್ಲಿ ತಾನೇ ಮಹಿಳಾ ಪಂದ್ಯಾವಳಿಗಳನ್ನೂ ಶುರು ಮಾಡಿತು. ಹಣ, ಟಿ.ವಿ. ಎಲ್ಲ ಆ ಕಡೆಗಿದ್ದವು. ಅಧ್ಯಾಪಕಿಯರ ಎಐಎಡಬ್ಲ್ಯೂ ಕೋರ್ಟಿಗೆ ಹೋಗಿ ಸೋತು ಬಾಗಿಲು ಹಾಕಿತು. ಕಾಲೇಜುಗಳ ಒಳಗೂ ಹುಡುಗರ ವಿಭಾಗ, ಹುಡುಗಿಯರ ವಿಭಾಗ ಎಂದು ಬೇರೆಯಾಗಿದ್ದವನ್ನು ಒಂದು ಮಾಡಿದರು. ಸಮಾನತೆಯ ಹೆಸರಿನಲ್ಲಿ ನಡೆದ ಈ ವಿಲೀನದಲ್ಲಿ ಮೇಲಿನ ಕುರ್ಚಿ ಹೆಚ್ಚಿನ ಕಡೆ ಹುಡುಗರ ವಿಭಾಗದ ಮುಖ್ಯಸ್ಥರಿಗೇ ಹೋಯಿತು. ಅಲ್ಲಿಯವರೆಗೆ ತಮ್ಮ ವಿಭಾಗಕ್ಕೆ ತಾವೇ ಯಜಮಾನರಾಗಿದ್ದ ಹೆಂಗಸರು ಸಹಾಯಕರಾದರು. 2014ರಲ್ಲಿ ಕ್ರೀಡಾ ವಿಭಾಗದ ಮುಖ್ಯಸ್ಥರಲ್ಲಿ ಹೆಂಗಸರು ನೂರಕ್ಕೆ 22ರಷ್ಟು ಮಾತ್ರ. ನೇಮಕ ಮಾಡುವವರು ತಮಗೆ ಗೊತ್ತಿರುವವರನ್ನು ನೇಮಿಸುತ್ತಾರೆ. ಫೋನ್ ಎತ್ತಿ ‘ಯಾರಾದರೂ ಒಳ್ಳೆಯ ಹುಡುಗ ಇದ್ದರೆ ಹೇಳಿ’ ಎಂದರೆ ಸಾಕು.

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪವಿದೆ. ಯಾರು ಚೆನ್ನಾಗಿ ಕಲಿಸುತ್ತಾರೋ ಅವರು ಕಲಿಸಲಿ, ಇದರಲ್ಲಿ ಹೆಣ್ಣೇನು ಗಂಡೇನು? ಕನೆಕ್ಟಿಕಟ್ ವಿಶ್ವವಿದ್ಯಾಲಯದ ಕೋಚ್ ಜೀನೊ ಔರಿಯೆಮ್ಮಾ ಮಹಿಳಾ ಬ್ಯಾಸ್ಕೆಟ್‌ಬಾಲ್‌ನಲ್ಲಿ 12 ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದಾರೆ, ಸಮಿಟ್ ಅವರಿಗಿಂತ ನಾಲ್ಕು ಹೆಚ್ಚು. ಅವರ ಯೋಗ್ಯತೆಯ ಬಗ್ಗೆ ಕೊಂಕು ತೆಗೆಯುವುದು ಸಣ್ಣತನ. ನಾನು ಕೇಳುವುದು ಬೇರೆ. ‘ಅರ್ಹತೆಯೊಂದೇ ಮಾನದಂಡ’ ಎಂಬ ಈ ಮಾತು ಹುಡುಗರ ತಂಡಗಳ ಬಾಗಿಲಿಗೆ ಬಂದಾಗ ಯಾಕೆ ಸುಮ್ಮನಾಗುತ್ತದೆ? ಹುಡುಗರ ತಂಡಗಳಿಗೆ ಕೋಚ್ ಆಗಿರುವ ಹೆಂಗಸರು 2014ರಲ್ಲೂ ನೂರಕ್ಕೆ ಐದನ್ನು ಮುಟ್ಟಿರಲಿಲ್ಲ. ಗಂಡಸಿಗೆ ಎರಡೂ ಬಾಗಿಲು ತೆರೆದಿವೆ. ಹೆಂಗಸಿಗೆ ಒಂದೇ ಬಾಗಿಲು, ಅಲ್ಲೂ ಗಂಡಸರ ಜೊತೆ ಸಾಲು ನಿಲ್ಲಬೇಕು. ಟೆನೆಸ್ಸೀಯ ಪುರುಷರ ತಂಡಕ್ಕೆ ಸಮಿಟ್ ಅವರ ಹೆಸರು ಕೇಳಿಬಂದಾಗ ಅವರು ಒಪ್ಪಲಿಲ್ಲ. ಅದನ್ನು ಬಡ್ತಿ ಎಂದು ಯಾಕೆ ತಿಳಿಯಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಸ್ವಾಭಿಮಾನ ದೊಡ್ಡದು. ಆದರೆ ಬೇಡ ಎನ್ನುವ ಅವಕಾಶವಾದರೂ ಸಿಗಬೇಕಾದರೆ ಒಬ್ಬ ಹೆಂಗಸು ಪ್ಯಾಟ್ ಸಮಿಟ್ ಆಗಿರಬೇಕಾಯಿತು.

ಔರಿಯೆಮ್ಮಾ ಹೆಸರು ಬಂದದ್ದರಿಂದ ಇನ್ನೊಂದು ಹೆಸರನ್ನೂ ಹೇಳಬೇಕು. 1985ರಲ್ಲಿ ಅವರು ಕನೆಕ್ಟಿಕಟ್‌ಗೆ ಬಂದಾಗಿನಿಂದ ಪಕ್ಕದ ಕುರ್ಚಿಯಲ್ಲಿ ಕೂತಿರುವವರು ಕ್ರಿಸ್ ಡೇಲಿ. ಆ 12 ಪ್ರಶಸ್ತಿಗಳಲ್ಲಿ ಒಂದೂ ಅವರಿಲ್ಲದೆ ಬಂದದ್ದಲ್ಲ. ಸಹಾಯಕ ಸ್ಥಾನದಲ್ಲೇ ಉಳಿದದ್ದು ಅವರ ಸ್ವಂತ ಆಯ್ಕೆ ಇರಬಹುದು, ಅದನ್ನು ಪ್ರಶ್ನಿಸಲು ನಾನ್ಯಾರು? ಅವರಿಗೆ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವವೂ ಸಂದಿದೆ. ಆದರೂ ಆ ತಂಡದ ಬಗ್ಗೆ ಓದುವಾಗಲೆಲ್ಲ ನಾನು ಚಿತ್ರದ ಅಂಚಿನಲ್ಲಿ ಅವರನ್ನು ಹುಡುಕುತ್ತೇನೆ.

ಈಗ ಮೇರಿಯಾನ್ ಸ್ಟ್ಯಾನ್ಲಿ ಅವರ ಕತೆ. ಈ ವಿಷಯದಲ್ಲಿ ನನ್ನನ್ನು ಬಹಳ ಕಾಡಿದ್ದು ಇದು. ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯಕ್ಕೆ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟು, ಆಮೇಲೆ ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ ಕೋಚ್ ಆದವರು. 1993ರಲ್ಲಿ ಒಪ್ಪಂದ ಮುಗಿದಾಗ, ಅದೇ ವಿಶ್ವವಿದ್ಯಾಲಯದ ಪುರುಷರ ತಂಡದ ಕೋಚ್‌ಗೆ ಕೊಡುವಷ್ಟು ಸಂಬಳ ತನಗೂ ಕೊಡಿ ಎಂದು ಕೇಳಿದರು. ಮಾತುಕತೆ ಮುರಿಯಿತು, ಕೆಲಸ ಹೋಯಿತು, ಅವರು ಕೋರ್ಟಿಗೆ ಹೋದರು. 1994ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರವಾಗಿ ಮಧ್ಯಂತರ ಆದೇಶ ಕೊಡಲು ಒಪ್ಪಲಿಲ್ಲ. ಪುರುಷರ ತಂಡದ ಕೋಚ್‌ಗೆ ಜನರನ್ನು ಸೆಳೆಯುವ, ಹಣ ತರುವ ಹೆಚ್ಚಿನ ಹೊಣೆ ಇದೆ ಎಂಬುದು ಕಾರಣ. 1999ರಲ್ಲಿ ಅಂತಿಮವಾಗಿಯೂ ಸೋತರು, ಆಗ ಪುರುಷರ ತಂಡದ ಕೋಚ್‌ಗಿದ್ದ ಹೆಚ್ಚಿನ ಅನುಭವ ಕಾರಣವಾಗಿ ಮುಂದೆ ಬಂತು. ಮೊಕದ್ದಮೆ ಹೂಡಿದ ಕೋಚ್ ಎಂಬ ಹಣೆಪಟ್ಟಿ ಹೊತ್ತವರನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಮುಖ್ಯ ಕೋಚ್ ಆಗಿ ಮತ್ತೆ ಬೇರೂರಲು ಅವರಿಗೆ ವರ್ಷಗಳೇ ಹಿಡಿದವು. 2002ರಲ್ಲಿ ವೃತ್ತಿಪರ ಲೀಗಿನಲ್ಲಿ ವರ್ಷದ ಕೋಚ್ ಎನಿಸಿಕೊಂಡರು. 2022ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ನೈಸ್ಮಿತ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು.

ಸಮಾನ ಸಂಬಳ ಕೇಳಿ 29 ವರ್ಷಗಳಾದ ಮೇಲೆ.

ಇದನ್ನು ಓದಿದಾಗ ನನಗೆ ನಮ್ಮ ಪಿ.ಟಿ. ಮೇಡಂ ನೆನಪಾದರು. ಮಲೆನಾಡಿನ ಒಂದು ಕಾಲೇಜಿನ ಖೋ-ಖೋ ತಂಡದಲ್ಲಿ ನಾನು ಆಡುತ್ತಿದ್ದೆ. ಬೆಳಗಿನ ಐದೂವರೆಗೆ, ಮಂಜು ಇನ್ನೂ ಬಿಟ್ಟಿರದ ಮೈದಾನದಲ್ಲಿ, ಸ್ವೆಟರಿನ ಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಅವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಕಂಬದ ಹತ್ತಿರ ಕೂತ ಹುಡುಗಿ ಏಳುವ ಮೊದಲು ಯಾವ ಕಾಲಿನ ಮೇಲೆ ಭಾರ ಬಿಡಬೇಕು ಎಂದು ತಾವೇ ಕೂತು ತೋರಿಸುತ್ತಿದ್ದರು. ಆ ವರ್ಷ ನಾವು ಅಂತರ ಕಾಲೇಜು ಪಂದ್ಯಾವಳಿ ಗೆದ್ದೆವು, ನಮ್ಮಲ್ಲಿ ಇಬ್ಬರಿಗೆ ಯೂನಿವರ್ಸಿಟಿ ಬ್ಲೂ ಸಿಕ್ಕಿತು. ಕಾಲೇಜಿನ ಸಮಾರಂಭದಲ್ಲಿ ವೇದಿಕೆಯ ಮೇಲೆ ಒಂಬತ್ತು ಕುರ್ಚಿ ಹಾಕಿದ್ದರು. ಒಂದೂ ಅವರದಲ್ಲ. ಅವರು ಕೆಳಗೆ, ನಮ್ಮ ಬ್ಯಾಗುಗಳ ರಾಶಿಯ ಪಕ್ಕ ನಿಂತಿದ್ದರು. ವಂದನಾರ್ಪಣೆಗೆ ಮೊದಲು ಹೆಸರು ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೊ ತೆಗೆಸಿ ಕೆಳಗಿಳಿಸಿದರು. ಏಳು ವರ್ಷದಿಂದ ಅವರು ಅಲ್ಲಿ ಅರೆಕಾಲಿಕ ನೌಕರಿಯಲ್ಲಿದ್ದರು. ಮರುವರ್ಷ ಖಾಯಂ ಹುದ್ದೆ ಮಂಜೂರಾದಾಗ ಅದಕ್ಕೆ ಬಂದವರು ಬೇರೆಯವರು. ಆ ದಿನ ನಾವು ಹುಡುಗಿಯರು ಅಂಗೈ ನೋಯುವಷ್ಟು ಚಪ್ಪಾಳೆ ಹೊಡೆದಿದ್ದೆವು. ಶಾಲು ಯಾವುದಕ್ಕೆ ಬದಲಾಗಿ ಬಂದದ್ದು ಎಂದು ಅರ್ಥವಾಗುವ ವಯಸ್ಸು ನಮ್ಮದಾಗಿರಲಿಲ್ಲ.

ಹಣ ತರುವುದಿಲ್ಲ ಎಂಬ ವಾದಕ್ಕೆ ಬರುತ್ತೇನೆ. ಸ್ಟ್ಯಾನ್ಲಿ ಮೊಕದ್ದಮೆಯಲ್ಲಿ ಕೆಲಸ ಮಾಡಿದ ಈ ವಾದ ಇವತ್ತಿಗೂ ಸತ್ತಿಲ್ಲ. ಕೇಳಲು ಬಹಳ ವಾಸ್ತವವಾದಿ ಮಾತಿನಂತಿರುತ್ತದೆ. ಆದರೆ ಹಣ ಮಳೆಯಂತೆ ತಾನಾಗಿ ಸುರಿಯುವುದಿಲ್ಲ, ಕಾಲುವೆ ತೋಡಿದ ಕಡೆಗೆ ಹರಿಯುತ್ತದೆ. 2021ರ ಮಾರ್ಚ್‌ನಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಎನ್‌ಸಿಎಎ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುತ್ತಿದ್ದಾಗ ಒಬ್ಬ ಆಟಗಾರ್ತಿ ಫೋನಿನಲ್ಲಿ ಒಂದು ವಿಡಿಯೊ ಮಾಡಿ ಹಾಕಿದಳು. ಹುಡುಗರ ಪಂದ್ಯಾವಳಿಗೆ ದೊಡ್ಡ ಹಾಲಿನ ತುಂಬ ವ್ಯಾಯಾಮದ ಸಲಕರಣೆ, ಹುಡುಗಿಯರಿಗೆ ಒಂದು ಸಣ್ಣ ಸ್ಟ್ಯಾಂಡಿನಲ್ಲಿ ಕೆಲವು ಡಂಬೆಲ್. ಗಲಾಟೆಯಾಯಿತು, ಎನ್‌ಸಿಎಎ ಹೊರಗಿನ ಕಾನೂನು ಸಂಸ್ಥೆಯಿಂದ ತನಿಖೆ ಮಾಡಿಸಿತು. ಆ ವರದಿಯಲ್ಲಿ ಡಂಬೆಲ್‌ಗಿಂತ ದೊಡ್ಡ ಸಂಗತಿಗಳು ಹೊರಬಿದ್ದವು. ಮಹಿಳಾ ಪಂದ್ಯಾವಳಿಯ ಪ್ರಸಾರ ಹಕ್ಕನ್ನು ಬೇರೆ ಬೇರೆ ಆಟಗಳ ಪಂದ್ಯಾವಳಿಗಳ ಜೊತೆ ಗಂಟು ಕಟ್ಟಿ, ಒಟ್ಟು 29 ಪಂದ್ಯಾವಳಿಗಳನ್ನು ವರ್ಷಕ್ಕೆ ಸುಮಾರು 3.4 ಕೋಟಿ ಡಾಲರಿಗೆ ಮಾರಿದ್ದರು. ಇದೊಂದನ್ನೇ ಬಿಡಿಯಾಗಿ ಮಾರಿದರೆ 2025ರ ಹೊತ್ತಿಗೆ ವರ್ಷಕ್ಕೆ 8.1 ಕೋಟಿಯಿಂದ 11.2 ಕೋಟಿ ಡಾಲರ್ ಬರಬಹುದು ಎಂದು ವರದಿ ಅಂದಾಜು ಮಾಡಿತು. ‘ಮಾರ್ಚ್ ಮ್ಯಾಡ್‌ನೆಸ್’ ಎಂಬ ಹೆಸರುವಾಸಿ ಬಿರುದನ್ನು ಮಹಿಳಾ ಪಂದ್ಯಾವಳಿ ಬಳಸತೊಡಗಿದ್ದೇ 2022ರಲ್ಲಿ. ಹುಡುಗರ ತಂಡ ಈ ಪಂದ್ಯಾವಳಿಯಲ್ಲಿ ಮುಂದೆ ಹೋದಷ್ಟೂ ಅವರ ಕಾಲೇಜುಗಳಿಗೆ ಹಣದ ಪಾಲು ದಶಕಗಳಿಂದ ಬರುತ್ತಿತ್ತು. ಹುಡುಗಿಯರ ಗೆಲುವಿಗೆ ಅಂಥ ಪಾಲು ಶುರುವಾದದ್ದು 2025ರಲ್ಲಿ.

ಅಂದರೆ ಗೆದ್ದರೂ ಹಣ ಬಾರದ ವ್ಯವಸ್ಥೆಯನ್ನು ಕಟ್ಟಿದವರೇ ಕೋಚ್‌ಗೆ ‘ನೀವು ಹಣ ತರುವುದಿಲ್ಲವಲ್ಲ’ ಎನ್ನುತ್ತಿದ್ದರು. 2024ರ ಏಪ್ರಿಲ್‌ನಲ್ಲಿ ಸೌತ್ ಕೆರೊಲಿನಾ ಮತ್ತು ಅಯೊವಾ ನಡುವಿನ ಮಹಿಳಾ ಫೈನಲನ್ನು ಅಮೆರಿಕದಲ್ಲಿ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಪುರುಷರ ಫೈನಲ್ ನೋಡಿದವರು 1 ಕೋಟಿ 48 ಲಕ್ಷದಷ್ಟು. ಅಯೊವಾದ ಕೇಟ್ಲಿನ್ ಕ್ಲಾರ್ಕ್ ಎಂಬ ಆಟಗಾರ್ತಿಯ ಸೆಳೆತ ಅದರಲ್ಲಿ ದೊಡ್ಡದು, ನಿಜ. ಎರಡೂ ಬೆಂಚುಗಳಲ್ಲಿ ಮುಖ್ಯ ಕೋಚ್ ಆಗಿ ಇದ್ದವರು ಹೆಂಗಸರು, ಡಾನ್ ಸ್ಟೇಲಿ ಮತ್ತು ಲೀಸಾ ಬ್ಲೂಡರ್. ಅದೂ ಅಷ್ಟೇ ನಿಜ.

ಗೆಲುವು ಕೂಡ ಹೆಂಗಸರಿಗೆ ರಕ್ಷಣೆಯಲ್ಲ. ಮಿನ್ನೆಸೋಟ ಡುಲೂತ್ ವಿಶ್ವವಿದ್ಯಾಲಯದಲ್ಲಿ ಮಹಿಳಾ ಐಸ್ ಹಾಕಿ ತಂಡಕ್ಕೆ ಶಾನನ್ ಮಿಲ್ಲರ್ 5 ರಾಷ್ಟ್ರೀಯ ಪ್ರಶಸ್ತಿ ತಂದಿದ್ದರು. 2014ರಲ್ಲಿ ಆರ್ಥಿಕ ಕಾರಣ ಹೇಳಿ ಅವರ ಒಪ್ಪಂದ ಮುಂದುವರಿಸಲಿಲ್ಲ. 2018ರಲ್ಲಿ ನ್ಯಾಯಮಂಡಲಿ ಇದು ಲಿಂಗ ತಾರತಮ್ಯವೆಂದು ತೀರ್ಮಾನಿಸಿ 37 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಹೇಳಿತು.

ಇನ್ನೊಂದು ಮಾತು ಮೆಲುದನಿಯಲ್ಲಿ ಬರುತ್ತದೆ: ಊರೂರು ಅಲೆಯುವ ಕೆಲಸ, ಮಕ್ಕಳು ಮರಿ ಇರುವ ಹೆಂಗಸರು ಮಾಡಲು ಆದೀತೆ? 2021ರ ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲ್ ಆಡಿದ ಅರಿಝೋನಾ ತಂಡದ ಕೋಚ್ ಆಡಿಯಾ ಬಾರ್ನ್ಸ್ ಅವರ ಮಗಳಿಗೆ ಆಗ ಆರು ತಿಂಗಳು. ಅರ್ಧ ಆಟದ ವಿರಾಮದಲ್ಲಿ ಮಗುವಿಗೆಂದು ಎದೆಹಾಲು ತೆಗೆದಿಟ್ಟು ಬಂದು ಮತ್ತೆ ತಂಡದ ಮುಂದೆ ನಿಂತರು. ಸ್ಟ್ಯಾನ್‌ಫರ್ಡ್ ಎದುರು ಆ ಪಂದ್ಯ 54-53ರಲ್ಲಿ ಹೋಯಿತು. ಆದೀತೇ ಎಂದು ಕೇಳುವ ಬದಲು, ಮಗುವಿನೊಂದಿಗೆ ಪ್ರಯಾಣ ಮಾಡಲು ವಿಶ್ವವಿದ್ಯಾಲಯ ಏನು ಏರ್ಪಾಡು ಮಾಡಿದೆ ಎಂದು ಕೇಳುವುದು ಒಳ್ಳೆಯದು. ಗಂಡಸು ಕೋಚ್ ಊರೂರು ಅಲೆಯುವಾಗ ಅವನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಸಂದರ್ಶನದಲ್ಲಿ ಯಾರೂ ಕೇಳುವುದಿಲ್ಲ.

ಆ 54-53ರ ಪಂದ್ಯವನ್ನು ಗೆದ್ದ ಸ್ಟ್ಯಾನ್‌ಫರ್ಡ್ ಕೋಚ್ ಟಾರಾ ವ್ಯಾನ್‌ಡರ್‌ವೀರ್. ವಿದ್ಯಾರ್ಥಿನಿಯಾಗಿದ್ದಾಗ ಇಂಡಿಯಾನಾದಲ್ಲಿ ಪುರುಷರ ತಂಡದ ತಾಲೀಮಿಗೆ ಹೋಗಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದವರು. 2024ರ ಜನವರಿಯಲ್ಲಿ ಅವರ ಗೆಲುವಿನ ಲೆಕ್ಕ 1,203 ಮುಟ್ಟಿದಾಗ ಪುರುಷರ ತಂಡಗಳ ದಿಗ್ಗಜ ಮೈಕ್ ಶೆಶೆವ್‌ಸ್ಕಿ ಅವರ ದಾಖಲೆ ಹಿಂದೆ ಬಿತ್ತು. 1,216ಕ್ಕೆ ನಿವೃತ್ತರಾದರು. ಇಂಥ ಸಂಖ್ಯೆಗಳನ್ನು ಬರೆಯುವಾಗ ಮೈ ಜುಮ್ಮೆನ್ನುತ್ತದೆ. ಜೊತೆಗೆ ಒಂದು ಅಳುಕೂ ಇದೆ. ಸಾವಿರ ಗೆದ್ದವರಿಗೆ ಮನ್ನಣೆ ಕೊಡಲು ಯಾರಿಗೂ ಕಷ್ಟವಿಲ್ಲ. ಮೂರು ವರ್ಷ ಕೋಚ್ ಆಗಿ, ಅರ್ಧ ಪಂದ್ಯ ಸೋತು, ಇನ್ನೊಂದು ಅವಕಾಶಕ್ಕೆ ಅರ್ಜಿ ಹಾಕಿರುವ ಸಾಧಾರಣ ಹೆಂಗಸಿಗೆ ಏನು ಸಿಗುತ್ತದೆ? ಅಂಥದೇ ಸಾಧಾರಣ ಗಂಡಸನ್ನು ‘ಹುಡುಗನಲ್ಲಿ ಸತ್ವ ಇದೆ, ಕಾಲಾವಕಾಶ ಬೇಕು’ ಎಂದು ಮತ್ತೊಂದು ಕಾಲೇಜು ಕರೆದುಕೊಳ್ಳುತ್ತದೆ. ಗಂಡಸಿಗೆ ಭರವಸೆಯ ಮೇಲೆ ಕೆಲಸ, ಹೆಂಗಸಿಗೆ ಪುರಾವೆ ತೋರಿಸಿದ ಮೇಲೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಟಕರ್ ಸೆಂಟರ್ ಒಂದು ದಶಕಕ್ಕೂ ಹೆಚ್ಚು ಕಾಲದಿಂದ, ಮಹಿಳಾ ತಂಡಗಳಿಗೆ ಎಷ್ಟು ಹೆಂಗಸರನ್ನು ಕೋಚ್ ಮಾಡಿದ್ದೀರಿ ಎಂದು ನೋಡಿ ವಿಶ್ವವಿದ್ಯಾಲಯಗಳಿಗೆ ಎ ಯಿಂದ ಎಫ್‌ವರೆಗೆ ಗ್ರೇಡ್ ಕೊಡುತ್ತಿದೆ. ನೂರು ಪ್ರಶಸ್ತಿ ಸಮಾರಂಭಗಳಿಗಿಂತ ಈ ಅಂಕಪಟ್ಟಿಯ ಮೇಲೆ ನನಗೆ ಹೆಚ್ಚು ನಂಬಿಕೆ. ಇದು ಕೆಲಸ ಪಡೆದವರನ್ನು ಹೊಗಳುವುದಿಲ್ಲ, ಕೊಡದವರ ಹೆಸರು ಬರೆದಿಡುತ್ತದೆ.

ಪ್ರಶಸ್ತಿ ಗೆದ್ದ ರಾತ್ರಿ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಯಿಂದ ಕತ್ತರಿಸಿ ಚೂರು ಚೂರು ಹಂಚಿಕೊಳ್ಳುವುದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಪದ್ಧತಿ. 1999ರಲ್ಲಿ ಪರ್ಡ್ಯೂ ತಂಡದ ಕ್ಯಾರೊಲಿನ್ ಪೆಕ್ ಹಾಗೆ ಬಲೆ ಕತ್ತರಿಸಿದರು. ಎನ್‌ಸಿಎಎಯ ಮೊದಲ ದರ್ಜೆಯ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಮಹಿಳಾ ಕೋಚ್ ಅವರು. ಎರಡನೆಯವರು ಬರಲಿಕ್ಕೆ 18 ವರ್ಷ ಬೇಕಾಯಿತು. 2015ರಲ್ಲಿ ಪೆಕ್ ತಮ್ಮ ಬಲೆಯ ಒಂದು ಚೂರನ್ನು ಡಾನ್ ಸ್ಟೇಲಿಗೆ ಕೊಟ್ಟರು. 2017ರಲ್ಲಿ ಸ್ಟೇಲಿ ಗೆದ್ದರು, 2022 ಮತ್ತು 2024ರಲ್ಲಿ ಮತ್ತೆ ಗೆದ್ದರು. 2017ರ ತಮ್ಮ ಬಲೆಯನ್ನು ಚೂರುಗಳಾಗಿ ಕತ್ತರಿಸಿ ದೇಶದ ಉದ್ದಗಲಕ್ಕೂ ಇರುವ ಕಪ್ಪು ಮಹಿಳಾ ಕೋಚ್‌ಗಳಿಗೆ ಕಳಿಸಿಕೊಟ್ಟರು. ಅವರಲ್ಲಿ ಹಲವರು ದೊಡ್ಡ ಹೆಸರಿಲ್ಲದ ಕಾಲೇಜುಗಳಲ್ಲಿ ತಂಡ ಕಟ್ಟುತ್ತಿದ್ದವರು. ಪೆಕ್ ಆ ಮೊದಲ ಚೂರನ್ನು ಕೈಗಿಟ್ಟಾಗ ಸ್ಟೇಲಿ ಕೂಡ ಕೋಚ್ ಆಗಿ ಒಂದೇ ಒಂದು ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿರಲಿಲ್ಲ.